ಚಿಟಿಕೆಯ ತೂಕ

ಅಲ್ ರಾಸ್‌ನ ಗೋದಾಮಿನಲ್ಲಿ ನನ್ನ ಕೆಲಸ ತೂಕ ಬರೆಯುವುದು.
ಗ್ವಾಟೆಮಾಲದ ಏಲಕ್ಕಿ, ಇನ್ನೂರ ಹತ್ತು ಚೀಲ.
ಸಿರಿಯಾದ ಜೀರಿಗೆ. ಶ್ರೀಲಂಕೆಯ ಚಕ್ಕೆ.
ತಿಂಗಳಿಗೊಮ್ಮೆ ನಮ್ಮೂರ ಬ್ಯಾಡಗಿ ಮೆಣಸಿನಕಾಯಿಯೂ ಬರುತ್ತದೆ,
ಸೆಣಬು ಸುತ್ತಿಕೊಂಡು, ಹೊಟ್ಟೆಯ ಮೇಲೆ ಲಾಟ್ ನಂಬರು.
ಅದನ್ನು ಇಳಿಸುವ ದಿನ ಇಡೀ ಗೋದಾಮು ಸೀನುತ್ತದೆ,
ಪೇಶಾವರದ ಜರೀನ್ ಖಾನ್ ನನ್ನ ಕಡೆ ತಿರುಗಿ ಬೈಯುತ್ತಾನೆ
ಗಿಡ ನೆಟ್ಟವನು ನಾನೇ ಎಂಬಂತೆ.

ಆ ದಿನ ನನಗೆ ಬಾಗಿಲಲ್ಲೇ ತಡೆ.
ಶಿವಲೀಲಾ ಎರಡೇ ಬೆರಳಲ್ಲಿ ನನ್ನ ಅಂಗಿ ಹಿಡಿದು
ಬೇರೆ ಬಕೆಟ್ಟಿಗೆ ಬಿಡುತ್ತಾಳೆ.
ಮೊಣಕೈವರೆಗೆ ಮೊದಲು ಎಣ್ಣೆ, ಆಮೇಲೆ ಸಾಬೂನು,
ಜುಲೈಯ ನಲ್ಲಿಯಲ್ಲಿ ತಣ್ಣೀರೆಂಬುದೇ ಇಲ್ಲ,
ಆಮೇಲೆ ಕೂಸು.

ಅವ್ವ ಫಕೀರವ್ವ ಫೋನಿನಲ್ಲಿ ಹೇಳಿದ್ದು ಒಂದೇ ಮಾತು:
"ಖಾರ ಮುಟ್ಟಿದ ಕೈಲೆ ಕೂಸಿನ್ನ ಮುಟ್ಟಬ್ಯಾಡಪಾ."
ಅವಳಿಗೆ ಗೊತ್ತು. ಹದಿನೆಂಟು ವರ್ಷ
ಮಾರ್ಕೆಟ್ ಯಾರ್ಡಿನಲ್ಲಿ ಕೂತು ತೊಟ್ಟು ಬಿಡಿಸಿದವಳು.
ಹಾಲೂಡಿಸುವ ಮೊದಲು ಉರಿವ ಬೆರಳನ್ನು ಮಜ್ಜಿಗೆಗೆ ಅದ್ದಿ,
ಸೆರಗಿಗೆ ಒರೆಸಿ, ಆದರೂ ಅನುಮಾನ ಹೋಗದೆ
ಮೊಣಕೈಯಿಂದಲೇ ನನ್ನನ್ನು ಎದೆಗೆ ಎಳೆದುಕೊಂಡವಳು.

ಇಬ್ಬನಿಗೆ ಈಗ ಆರು ತಿಂಗಳು ಹನ್ನೊಂದು ದಿನ.
(ಈ ಊರಲ್ಲಿ ಹುಟ್ಟಿದವಳಿಗೆ ಆ ಹೆಸರು ಯಾಕೆಂದು ಕೇಳಬೇಡಿ.)
ಅನ್ನ ಆಯಿತು, ಹೆಸರುಬೇಳೆ ಆಯಿತು, ಕುಂಬಳಕಾಯಿಯನ್ನು ಉಗುಳಿದ್ದೂ ಆಯಿತು.
ಕ್ಲಿನಿಕ್ಕಿನ ಡಾಕ್ಟರ್ ಸಲ್ವಾ ಖಾರ್ಟೂಮಿನವರು,
"ಒಂದು ಸಲಕ್ಕೆ ಒಂದೇ ಮಸಾಲೆ" ಎಂದು ಬೆರಳೆತ್ತಿದರು.
"ಮೂರು ದಿನ ನೋಡಿ. ಗುಳ್ಳೆ, ವಾಂತಿ, ತುಟಿ ಊದುವುದು.
ಉಸಿರು ಕಟ್ಟಿದಂತಾದರೆ ನನಗೆ ಫೋನ್ ಮಾಡಬೇಡಿ, ಆಂಬುಲೆನ್ಸಿಗೆ ಮಾಡಿ.
ಉಪ್ಪು, ಸಕ್ಕರೆ ಬೇಡ. ವರ್ಷ ತುಂಬುವ ತನಕ
ಜೇನು ನಾಲಿಗೆಗೆ ಸೋಕಿಸುವುದೂ ಬೇಡ.
ಮೆಣಸಿನಕಾಯಿಗಂತೂ ಅವಸರವಿಲ್ಲ."

ಮೆಣಸಿನಕಾಯಿಗೆ ಅವಸರವಿಲ್ಲ!
ಬ್ಯಾಡಗಿಯಲ್ಲಿ ಹೇಳಿ ನೋಡಿ ಇದನ್ನ.

ನೈಫ್‌ನ ಈ ಫ್ಲಾಟಿನಲ್ಲಿ ಮೂರು ಸಂಸಾರಕ್ಕೆ ಒಂದೇ ಅಡುಗೆಮನೆ.
"ಜಾಯಿಕಾಯಿ ತೇಯ್ದು ನೆಕ್ಕಿಸಿ, ಸೊಗಸಾಗಿ ನಿದ್ದೆ ಬರುತ್ತೆ"
ಅಂದರು ಮಲಪ್ಪುರದ ಸುಹರಾ.
"ಬರ್ತದ್ರಿ. ಅದಕ್ಕs ಬ್ಯಾಡ" ಅಂದಳು ಶಿವಲೀಲಾ, ನಗುತ್ತಲೇ,
ರಾತ್ರಿ ತೇಯುವ ಕಲ್ಲು ನಮ್ಮ ಮಂಚದ ಕೆಳಗೆ ಬಂತು.

ಅರಿಶಿನ ತರಲೇ, ಗೋದಾಮಿನಿಂದ? ಎಂದು ಕೇಳಿ ನಾನೇ ತಡೆದೆ.
ಹೋದ ವರ್ಷ ವಾಪಸು ಕಳಿಸಿದ ಲಾಟನ್ನು ಬರೆದದ್ದು ಇದೇ ಕೈ:
ಹಳದಿಗಿಂತ ಹಳದಿ ಪುಡಿ, ಲ್ಯಾಬಿನ ಚೀಟಿಯಲ್ಲಿ ಸೀಸ.
ಕೊಂಬಿಗೂ ಬಣ್ಣ ಬಳಿಯುವವರಿದ್ದಾರೆ.
ಜೀರಿಗೆಯಲ್ಲಾದರೆ ಕಲ್ಲು, ಕಡ್ಡಿ, ಹುಲ್ಲಿನ ಬೀಜ,
ಕಣ್ಣಿಗೆ ಕಾಣುವ ಮೋಸ. ಆರಿಸಬಹುದು.

ಆರಿಸಿದೆವು. ಭಾನುವಾರ ಬೆಳಿಗ್ಗೆ,
ಏನಾದರೂ ಆದರೆ ಹಗಲಿರಲಿ ಎಂದು.
ಹುರಿದು, ಕುಟ್ಟಿ, ಅವಳ ಹಳೆಯ ಮಲ್ಮಲ್ ಟೋಪಿಯಲ್ಲಿ ಸೋಸಿ
ಉಳಿದದ್ದು ಉಗುರಿನ ಕೊಳೆಯಷ್ಟು.
ಅದರಲ್ಲೂ ಒಂದು ಚಿಟಿಕೆ.

ಚೀಲವನ್ನು ಎತ್ತಿದೊಡನೆ ಅರ್ಧ ಕಿಲೋ ಕಮ್ಮಿಯಿದೆ ಎನ್ನಬಲ್ಲೆ.
ಚಿಟಿಕೆ ಮಾತ್ರ ಕೈಗೆ ಹತ್ತಲಿಲ್ಲ.
ನಮ್ಮ ಕಾಟಾ ಇಷ್ಟನ್ನು ಸೊನ್ನೆ ಎನ್ನುತ್ತದೆ.
"ಹೆಚ್ಚಾತು, ಝಾಡಿಸ್ರಿ" ಅಂದಳು. ಝಾಡಿಸಿದೆ. "ಇನ್ನೊಂದ್ ಸ್ವಲ್ಪ."

ಇಬ್ಬನಿ ಚಮಚ ಮೂಸಿದಳು.
ಮುಖ ಸಿಂಡರಿಸುತ್ತಾಳೆಂದು ಕಾದೆವು.
ಅವಳು ಚಮಚ ಬಿಟ್ಟು ನನ್ನನ್ನು ನೋಡಿದಳು,
ನನ್ನ ಕುತ್ತಿಗೆಯತ್ತ ಕೈ ಚಾಚಿದಳು,
ಈ ವಾಸನೆ ಯಾರದೆಂದು ಅವಳಿಗೆ ಮೊದಲೇ ಗೊತ್ತಿತ್ತು.
ಆಮೇಲೆ ಬಾಯಿ ತೆರೆದಳು.

ಜೀರಿಗೆ. ದಿನ ಎರಡು. ಗುಳ್ಳೆ ಇಲ್ಲ.
ಲಾಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿದ್ದೇನೆ.
ತೂಕದ ಕಾಲಂ ಖಾಲಿ.

ರಾತ್ರಿ ಅವ್ವ ಕೇಳಿದಳು: "ಎಷ್ಟ್ ಹಾಕಿದ್ರಿ?"
ಹೆಬ್ಬೆರಳಿಗೆ ತೋರುಬೆರಳು ಒತ್ತಿ ಕ್ಯಾಮೆರಾಕ್ಕೆ ಹಿಡಿದೆ.
"ಕಾಣವಲ್ದು, ಸನೇಕ ತಾ" ಅಂದಳು.