ಓಟ ಬಿಟ್ಟವಳು

ಮೆಟ್ಟಿಲು ಅಂದರೇನು ಅಂತ ಅವಳಿಗೆ ಗೊತ್ತಿರಲಿಲ್ಲ.
ಮೂರು ವರ್ಷ ಮರಳಿನ ಪಥದಲ್ಲಿ
ಯಂತ್ರದ ಮೊಲದ ಬೆನ್ನು ಹತ್ತಿ ಓಡಿದವಳು,
ಕಾಲು ಮುರಿದ ಮೇಲೆ ಪುಕ್ಕಟೆ ನಮ್ಮ ಪಾಲಿಗೆ ಬಂದವಳು,
ಗ್ಲಾಸ್ಗೋದ ಈ ಹಳೇ ಕೆಂಗಲ್ಲಿನ ಕಟ್ಟಡದ ಬಾಗಿಲಲ್ಲಿ
ಮೊದಲ ಮೆಟ್ಟಿಲನ್ನು ಮೂಸಿ
ನಮ್ಮ ಮುಖ ನೋಡಿದಳು,
ಇದನ್ನು ಯಾರು ಇಲ್ಲಿ ಬಿಟ್ಟು ಹೋದರು, ಎಂಬಂತೆ.

ನಮ್ಮದು ಮೂರನೇ ಮಹಡಿ. ಐವತ್ತನಾಲ್ಕು ಮೆಟ್ಟಿಲು.
ಮುಂಗಾಲು ಮಾರ್ವೆನ್, ಹಿಂಗಾಲು ನಾನು,
ನಡುವೆ ಮೂವತ್ತು ಕಿಲೋ ಗ್ರೇಹೌಂಡ್,
ಸೋಫಾ ಸಾಗಿಸುವವರ ಹಾಗೆ ತಿರುವು ತಿರುವಿನಲ್ಲೂ
‘ನಿನ್ನ ಕಡೆ ಎತ್ತು, ಇನ್ನೂ ಎತ್ತು ಮಾರಾಯ್ತಿ.’
ದಿನಕ್ಕೆ ನಾಲ್ಕು ಸಲ.

ಕಾಗದಪತ್ರದಲ್ಲಿ ಅವಳು ಗ್ಲೆನ್‌ಹಾರೋ ಎಂಪ್ರೆಸ್.
ಕಿವಿಯೊಳಗೆ ಹಸಿರು ಹಚ್ಚೆಯ ಅಕ್ಷರಗಳು.
ಸೋಫಾದಲ್ಲಿ ಉರುಳಿ ಬಿದ್ದಿದ್ದನ್ನು ನೋಡಿ
ಸ್ಟ್ರೂಅನ್ ಅಂದ: ಟ್ಯಾಟಿ.
ಈ ಊರ ಬಾಯಲ್ಲಿ ಆಲೂಗಡ್ಡೆ.
ಸಾಮ್ರಾಜ್ಞಿ ಪಟ್ಟದಿಂದ ಇಳಿದದ್ದು ಅಷ್ಟು ಸಲೀಸು.

ಸ್ಟ್ರೂಅನ್ ರಾತ್ರಿ ಆಸ್ಪತ್ರೆಯಲ್ಲಿ ಗಾಲಿಮಂಚ ತಳ್ಳುತ್ತಾನೆ,
ಹಗಲು ಹೆಣೆಯುತ್ತಾನೆ.
ಟ್ಯಾಟಿಗೊಂದು ಸ್ವೆಟರು, ಸಾಸಿವೆ ಬಣ್ಣ.
ಕುತ್ತಿಗೆ ಗೇಣುದ್ದ ಜಾಸ್ತಿಯಾಯಿತು.
ಬಿಚ್ಚಿದ, ಹೆಣೆದ, ಮತ್ತೆ ಬಿಚ್ಚಿದ.
ವಾರ್ಡಿನಲ್ಲಿ ಯಾರೋ ಹೋದ ರಾತ್ರಿಯ ಮರುದಿನ
ಹೊಲಿಗೆಗಳು ಬಿಗಿಯಾಗಿರುತ್ತವೆ.
ನಾವು ಕೇಳುವುದಿಲ್ಲ, ಟೀಗೆ ನೀರಿಡುತ್ತೇವೆ.

ಮಾರ್ವೆನ್ ನಸುಕಿನ ನಾಲ್ಕಕ್ಕೆ ಬೇಕರಿಗೆ ಹೋಗಬೇಕು,
ಅವಳ ಬೇಸ್ ಗಿಟಾರಿನ ಸಂದಿಗೊಂದಿಯಲ್ಲೆಲ್ಲ ಮೈದಾ.
ನಾನು ಡ್ರಮ್ಮರ್. ಅಂದರೆ, ದಿಂಬಿನ ಮೇಲೆ.
ಕೆಳಮನೆಯ ಮಿಸೆಸ್ ಹ್ಯಾಗರ್ಟಿಗೆ ಎಂಬತ್ತೊಂದು,
ಅವರ ಕಿವಿಗೆ ಮಾತ್ರ ಹದಿನೆಂಟು.
ಹಗಲೆಲ್ಲ ಅಂಗಡಿಯಲ್ಲಿ ಕಂಡವರ ಕನ್ನಡಕಕ್ಕೆ ಸ್ಕ್ರೂ ಬಿಗಿದು ಬಂದು
ಸಂಜೆ ನಾಲ್ಕು ದಿಂಬು, ಒಂದು ಮಡಿಚಿದ ಕಂಬಳಿ,
ಧೂಳು ಕೊಡವುವವರ ಹಾಗೆ ನುಡಿಸುತ್ತೇನೆ.
ಇದ್ದುದರಲ್ಲಿ ಒಳ್ಳೇ ದಿಂಬನ್ನು ಟ್ಯಾಟಿ ಕಚ್ಚಿ ಎಳೆದೊಯ್ದು ಮಲಗುತ್ತಾಳೆ.
ನನ್ನ ಸಂಗೀತಕ್ಕೆ ಈವರೆಗೆ ಬಂದ ವಿಮರ್ಶೆ ಅಷ್ಟೇ.

ನವೆಂಬರಿನ ಒಂದು ಗುರುವಾರ, ಪಬ್ಬಿನ ನೆಲಮಾಳಿಗೆ.
ಇಳಿಯಲು ಹನ್ನೆರಡು ಮೆಟ್ಟಿಲು, ಮತ್ತದೇ ಮೆರವಣಿಗೆ:
ಮೊದಲು ಆ್ಯಂಪು, ಆಮೇಲೆ ಡ್ರಮ್ಮು, ಆಮೇಲೆ ನಾಯಿ.
ರಜೆ ಹಾಕಿ ಬಂದ ಸ್ಟ್ರೂಅನ್ ಬಾಗಿಲಲ್ಲಿ ಕೂತು ಟಿಕೆಟ್ ಹರಿದ.
ಕೇಳಲು ಬಂದವರು ಹನ್ನೊಂದು ಜನ,
ಅದರಲ್ಲಿ ಮೂವರು ಮುಂದಿನ ಬ್ಯಾಂಡಿನವರು,
ಒಬ್ಬ ಮಳೆಗೆ ಒಳಬಂದವನು.

ಟ್ಯಾಟಿ ಸ್ಪೀಕರಿನ ಎದುರೇ, ಕೋಟುಗಳ ರಾಶಿಯ ಮೇಲೆ ನಿದ್ದೆ,
ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ.
ಮೂರನೇ ಹಾಡಿನ ನಡುವೆ
ಆ್ಯಂಪು ಒಮ್ಮೆ ಕೆಮ್ಮಿ ಸತ್ತಿತು.
ಮಾರ್ವೆನ್ ಬೆರಳು ಮೂಕ ತಂತಿಯ ಮೇಲೆ.
ನನ್ನ ಕೋಲು ಗಾಳಿಯಲ್ಲಿ.
ಆ ಸದ್ದಿಲ್ಲದ್ದಕ್ಕೆ ಅವಳಿಗೆ ಎಚ್ಚರವಾಯಿತು.
ಕತ್ತೆತ್ತಿ,
ಆ ಸಣಕಲು ಎದೆಯೊಳಗೆ ಇಷ್ಟು ದೊಡ್ಡ ಕೋಣೆ ಎಲ್ಲಿತ್ತೋ,
ಊ ಎಂದು ಎಳೆದಳು, ಎಳೆಯುತ್ತಲೇ ಇದ್ದಳು.
ಎಂಟು ತಿಂಗಳಲ್ಲಿ ನಾವು ಕೇಳಿದ ಮೊದಲ ದನಿ.
ಮಳೆಗೆ ಬಂದವನು ತಿರುಗಿ ಊ ಅಂದ.
ಬಾರಿನ ಹುಡುಗಿ ಅಂದಳು. ಆಮೇಲೆ ಯಾರು ಬಿಟ್ಟರು!
ನಾನು ಮೆಲ್ಲಗೆ ಲಯ ಹಿಡಿದೆ,
ದಿಂಬು ಬಡಿದಷ್ಟೇ ಮೆಲ್ಲಗೆ.

ಕೈಗೆ ಬಂದದ್ದು ಇಪ್ಪತ್ತೆರಡು ಪೌಂಡು.
ಚಿಪ್ಸಿಗೆ ಹದಿನಾಲ್ಕು ಹೋಯಿತು.

ಕಟ್ಟಡದ ಬಾಗಿಲಲ್ಲಿ, ರೂಢಿಯಂತೆ, ಹೊರಲು ಬಗ್ಗಿದೆವು.
ಅವಳು ನಮ್ಮ ಸಂದಿಯಿಂದ ನುಸುಳಿ ಒಂದು ಹತ್ತಿದಳು.
ಎರಡು.
ಸ್ವೆಟರಿನ ದಾರವೊಂದು ಹಿಂದೆ ಎಳೆಯುತ್ತ, ಏಳು.
ಎಂಟರಲ್ಲಿ ನಿಂತಳು,
ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ.
ಯಾರೂ ಎಳೆಯಲಿಲ್ಲ, ಭೇಷ್ ಅನ್ನಲಿಲ್ಲ.
ಅಲ್ಲೇ ಕೂತೆವು, ಕೊರೆಯುವ ಕಲ್ಲಿನ ಮೇಲೆ,
ವಿನಿಗರ್ ವಾಸನೆಯ ಪೊಟ್ಟಣ ಬಿಚ್ಚಿ.
ಮೇಲೆ ಮಿಸೆಸ್ ಹ್ಯಾಗರ್ಟಿ ಬಾಗಿಲು ತೆಗೆದು
‘ಹುಚ್ಚರು’ ಅಂದರು,
ತಡೆದು, ‘ನಾಯಿಗೆ ಉಪ್ಪು ಕೊಡಬೇಡಿ’ ಅಂದು ಮುಚ್ಚಿದರು.

ಮೆಟ್ಟಿಲ ದೀಪ ತನ್ನ ಹೊತ್ತಿಗೆ ತಾನೇ ಆರಿತು.
ಮಾರ್ವೆನ್‌ಗೆ ಇನ್ನು ಮೂರು ಗಂಟೆಯ ನಿದ್ದೆ.
ಇನ್ನೂ ನಲವತ್ತಾರು ಮೆಟ್ಟಿಲು.
ಕತ್ತಲಲ್ಲಿ ಯಾರದೋ ಕೈ, ಅಥವಾ ಒದ್ದೆ ಮೂತಿ,
ಕಡೆಯ ಚಿಪ್ಸಿಗಾಗಿ ನನ್ನ ಮಡಿಲು ತಡಕುತ್ತಿತ್ತು.