ಹದಿನೇಳರ ಪಾನಾ

ಚಿಂತಾಮಣಿಯ ಚೇಳೂರು ರಸ್ತೆಯ ಶೆಡ್ಡಿನಲ್ಲಿ
ಭಾನುವಾರ ಒಂಬತ್ತು ಬಸ್ಸು ಮೈ ತೊಳೆಸಿಕೊಳ್ಳುತ್ತವೆ.
ಒಂಬತ್ತೂ ಒಂದೇ ಕಂಪನಿಯವು, ಒಂದೇ ಮೂತಿ.
ಒಂದರ ಹಲ್ಲು ಮುರಿದರೆ ಪಕ್ಕದ್ದರ ಹಲ್ಲು ಕೂರುತ್ತದೆ.

ನಾನು ಹಳೆಯ ಟೈರಿನ ಮೇಲೆ,
ತೊಡೆಯ ಮೇಲೆ ಲ್ಯಾಪ್‌ಟಾಪು.
ಎಂಬತ್ತು ವಿಮಾನ ಕೊಳ್ಳಬೇಕು ನಮ್ಮ ಅಗ್ಗದ ಕಂಪನಿ.
ಮಾರುವವರು ಇಬ್ಬರು. ನಾಳೆ ಹತ್ತಕ್ಕೆ ನನ್ನ ವರದಿ.

"ಎಂಬತ್ತಾ?" ಅಂದರು ಅಪ್ಪ, ಎಲೆಗೆ ಸುಣ್ಣ ಸವರುತ್ತಾ,
"ದುಡ್ಡು ಯಾರ್ದು?"
ಯಾರದೂ ಅಲ್ಲಪ್ಪಾ. ಕೊಂಡ ದಿನವೇ ಮಾರುತ್ತೇವೆ,
ಮಾರಿ, ಕೊಂಡವನಿಂದಲೇ ಬಾಡಿಗೆಗೆ ಹಿಡಿಯುತ್ತೇವೆ.
ನಲವತ್ತು ವರ್ಷ ಲೈನು ನಡೆಸಿದ ಬ್ಯಾಟಪ್ಪನವರು
ಬಾಯಿಗೆ ಹೊರಟ ಎಲೆಯನ್ನು ಅರ್ಧ ದಾರಿಯಲ್ಲೇ ನಿಲ್ಲಿಸಿ
"ನಮ್ಗ್ಯಾಕಮ್ಮ ಹೊಳೀಲಿಲ್ಲ ಇದು" ಅಂದರು.

ಉಳಿದದ್ದು ನಾನು ಹೇಳುವ ಮೊದಲೇ ಅವರಿಗೆ ಗೊತ್ತಿತ್ತು.
ನಿಂತ ಬಸ್ಸೇ ತಿನ್ನುವ ಬಸ್ಸು.
ಮುರುಗಮಲ್ಲದಲ್ಲಿ ಇಳಿಸಿ ಹತ್ತಿಸಲು ನಾಲ್ಕು ನಿಮಿಷ,
ಐದಾದರೆ ಹಿಂದಿನ ಗಾಡಿ ನಮ್ಮ ಜನವನ್ನು ಎತ್ತಿಕೊಂಡು ಹೋಯಿತು.
ನಮ್ಮದು ಇಪ್ಪತ್ತೈದಪ್ಪಾ, ಕಸ ಗುಡಿಸುವುದೂ ಸೇರಿ.
ಸೀಟಿಗೊಂದು ಕೇಜಿ ಇಳಿಸಿದರೆ ವರ್ಷಕ್ಕೆ ಇಷ್ಟು ಎಣ್ಣೆ ಉಳಿಯುತ್ತದೆ ಅಂದೆ.
ಎದ್ದು ಹೋಗಿ ಬಸ್ಸಿನ ಬೆನ್ನು ತೋರಿಸಿದರು:
ಟಾಪಿಗೆ ಹತ್ತುವ ಏಣಿ ಇದ್ದ ಕಡೆ
ನಾಲ್ಕು ತೂತು, ಬಣ್ಣ ಬಳಿದದ್ದು.

ಮೂಲೆಯಲ್ಲಿ ಹತ್ತನೆಯದು.
ಬೇರೆ ಕಂಪನಿಯದು. ಅರ್ಧ ಬೆಲೆಗೆ ಸಿಕ್ಕಿತೆಂದು
ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ತಂದದ್ದು.
ಸವತಿ ಅಂತ ಹೆಸರಿಟ್ಟವರು ಮೇಸ್ತ್ರಿ ಖಲೀಲ್ ಸಾಬರು.
ಇವಕ್ಕೆಲ್ಲ ಹದಿನೇಳರ ಪಾನಾ, ಅದಕ್ಕೆ ಮಾತ್ರ ಹದಿನೆಂಟರದು.
ಬೇರೆ ಬೆಲ್ಟು, ಬೇರೆ ಡಬ್ಬಿ, ಬೇರೆ ಮುನಿಸು.
ಕ್ಲಚ್ಚಿನ ಗುಟ್ಟು ಗೊತ್ತಿದ್ದವನು ಪಿಳ್ಳಾಂಜಿ ಒಬ್ಬನೇ,
ಅವನಿಗೆ ಜ್ವರ ಬಂದರೆ ಬಸ್ಸಿಗೂ ಜ್ವರ.
ಉಳಿಸಿದ ಅರ್ಧ ಬೆಲೆಯನ್ನು ಹನ್ನೊಂದು ವರ್ಷ
ಕಂತು ಕಂತಾಗಿ ಕಿತ್ತುಕೊಂಡಿತು ಅದು.

ಸರಿ, ಇನ್ನೇನು. ಬರೆದೆ:
ಇರುವ ಜಾತಿಯನ್ನೇ ಕೊಳ್ಳಿ.
ಪೈಲಟ್ಟುಗಳಿಗೆ ಒಂದೇ ತರಬೇತಿ, ಬಿಡಿಭಾಗಕ್ಕೆ ಒಂದೇ ಗೋದಾಮು.
ಇನ್ನೊಬ್ಬನ ರಿಯಾಯಿತಿಗೆ ಮರುಳಾಗಬೇಡಿ.

"ಆ ಪಂಪಿನ ವರ್ಷ ಮರೆತ್ಯಾ ಬೇಟಿ?"
ಬಸ್ಸಿನಡಿಯಿಂದ ಬಂತು ದನಿ.
ಕಾಣುತ್ತಿದ್ದದ್ದು ಎರಡು ಪಾದ, ಒಂದು ಚಪ್ಪಲಿ.

ಮರೆತಿದ್ದೆ.
ಒಂದೇ ಕಾರ್ಖಾನೆಯ, ಒಂದೇ ತಿಂಗಳ ಪಂಪುಗಳು.
ಸೋಮವಾರ ಒಂದು ಕೆಟ್ಟಿತು, ಬುಧವಾರ ಮೂರು,
ಶುಕ್ರವಾರದ ಹೊತ್ತಿಗೆ ಒಂಬತ್ತೂ ಇಲ್ಲಿ
ಒಂದೇ ಮುಖ ಮಾಡಿಕೊಂಡು ನಿಂತಿದ್ದವು.
ಎರವಲು ಕೊಡಲು ಯಾರ ಬಾಯಲ್ಲೂ ಹಲ್ಲಿರಲಿಲ್ಲ.
ಇಪ್ಪತ್ತಾರು ದಿನ
ಶ್ರೀನಿವಾಸಪುರಕ್ಕೆ, ಅಲ್ಲಿಂದಾಚೆ ಮುಳಬಾಗಿಲಿಗೆ
ಮಾವಿನ ಮಂಡಿಯವರನ್ನು, ಪರೀಕ್ಷೆಯ ಹುಡುಗಿಯರನ್ನು, ನನ್ನನ್ನೂ
ಹೊತ್ತವಳು ಸವತಿಯೊಬ್ಬಳೇ,
ಕೆಮ್ಮುತ್ತಾ, ಹೊಗೆ ಕಾರುತ್ತಾ.
ಅಪ್ಪ ಆಗ ದಿನಾ ಅದರ ಗಾಜಿಗೆ ಕನಕಾಂಬರ ಹಾಕುತ್ತಿದ್ದರು.

ನನ್ನ ಪಟ್ಟಿಯಲ್ಲಿ ಎಣ್ಣೆಗೊಂದು ಕಾಲಂ ಇದೆ,
ಎಂಜಿನ್ನಿಗಿದೆ, ಬಡ್ಡಿಗಿದೆ, ಕೈಗೆ ಕೊಡುವ ತಾರೀಖಿಗಿದೆ.
ಆ ಇಪ್ಪತ್ತಾರು ದಿನಕ್ಕಿಲ್ಲ.

"ಹಾಗಾದ್ರೆ ಏನ್ ಬರೀಲಪ್ಪಾ?"
ಅಪ್ಪ ಹೊರಗೆ ಹೋಗಿ ಉಗಿದು ಬಂದರು.
"ಒಂದೇ ಥರದ್ದು ತಗೊಳ್ಳಿ ಅಂತ ಬರಿ."
ಸ್ವಲ್ಪ ಹೊತ್ತು ಬಿಟ್ಟು,
"ನಾನಂತೂ ಅದನ್ನ ಮಾರ್ಲಿಲ್ಲ."

ಕತ್ತಲಾಗುತ್ತಿತ್ತು. ಅಂಬಾಜಿದುರ್ಗದ ಮೇಲೆ
ಒಂದು ದೀಪ ದೇವನಹಳ್ಳಿಯ ಕಡೆಗೆ ಇಳಿಯುತ್ತಿತ್ತು.
ಖಲೀಲ್ ಸಾಬರು ತೆವಳಿ ಹೊರಬಂದು, ಕತ್ತೆತ್ತಿ,
"ಅದ್ರ ನಟ್ಟಿಗೆ ಎಷ್ಟರ ಪಾನಾ?" ಅಂದರು.
ಹನ್ನೆರಡು ವರ್ಷ ಇದೇ ಕೆಲಸ ಮಾಡಿದವಳು
ಗೊತ್ತಿಲ್ಲ ಅಂದೆ.

ಅವರು ನಗಲಿಲ್ಲ. ಹದಿನೇಳರದನ್ನು
ಎಣ್ಣೆ ಬಟ್ಟೆಯಲ್ಲಿ ಒರೆಸಿ ಮೊಳೆಗೆ ತೂಗುಹಾಕಿದರು.
ಪಕ್ಕದ ಮೊಳೆಯಲ್ಲಿ ಹದಿನೆಂಟರದು,
ತುಕ್ಕಿಲ್ಲದೆ.