ಗಾಳದ ಅಂಗಡಿಯಲ್ಲಿ ಒಂದು ಸುಳ್ಳು

ಜನವರಿ. ವಿಸ್ವಾ ನದಿ ದಡದಿಂದ ದಡಕ್ಕೆ ಕಲ್ಲಾಗಿದೆ.
ತೊರುನ್ ಪೂರ್ತಿ ಹುಡುಕಿದರೂ
ಒಂದು ನೊಣ ಸಿಗದು.
ಟ್ರಾಮ್ ಡಿಪೋದಿಂದ ನೇರ ಗಾಳದ ಅಂಗಡಿಗೆ:
"ಬಿಳಿ ಹುಳ, ಒಂದು ಹಿಡಿ."
ಮುದುಕ ಝೆನೊನ್ ಕೇಳುತ್ತಾನೆ, "ಯಾವ ಮೀನಿಗೆ?"
"ಪರ್ಚ್‌ಗೆ."
ಅವನು ನನ್ನ ಒಣ ಬೂಟು ನೋಡುತ್ತಾನೆ.

ಹುಳ ಸೀಸೆಯಲ್ಲಿ ನೊಣವಾಗಲು ವಾರ ಬೇಕು.
ಅಲ್ಲಿಯವರೆಗೆ ಯಾಗೊದಾ, ಉಗುರಿನಷ್ಟು ಜೇಡ,
ನಾನು ಹೋದ ಕಡೆಗೆಲ್ಲ ಮುಖ ತಿರುಗಿಸುತ್ತಾಳೆ.
ಬಲೆ ಹೆಣೆದು ಕಾಯುವ ಪೈಕಿಯಲ್ಲ,
ನೋಡಿ ನೆಗೆಯುವ ಪೈಕಿ.
ಕುಂಚದ ತುದಿಯಲ್ಲಿ ಹನಿ ನೀರು ಹಿಡಿದರೆ
ಬಾಯ ಪಕ್ಕದ ಗಿಡ್ಡ ಕೈಗಳಿಂದ ತಬ್ಬಿ ಕುಡಿಯುತ್ತಾಳೆ.
ನೂರಿಪ್ಪತ್ತು ಜನರ ಟ್ರಾಮ್ ನಿಲ್ಲಿಸುವ ಕೈ
ಆ ಹನಿಗೆ ನಡುಗುತ್ತದೆ.

ಈ ಸಲ ನೊಣ ಹಾರಿತು, ಅವಳು ಕದಲಲಿಲ್ಲ.
ಮೇಲ್ಮೂಲೆಯಲ್ಲಿ ನೂಲಿನ ಕೋಣೆ ಕಟ್ಟಿ
ಒಳಗಿಂದಲೇ ಬಾಗಿಲು ಹೊಲಿದುಕೊಂಡಳು.
ತಟ್ಟಬಾರದು, ತೆರೆಯಬಾರದು. ಗೊತ್ತು.
ಪೊರೆ ಬಿಡುವಾಗ ಮೈ ಹಸಿ, ನೊಣವೂ ಗಾಯ ಮಾಡೀತೆಂದು
ಅದನ್ನು ಹೊರಗೆ ಬಿಟ್ಟೆ.
ಕಡುಚಳಿಯ ಅಡುಗೆಮನೆಯಲ್ಲಿ, ಬಲ್ಬಿನ ಸುತ್ತ,
ಅದೊಂದೇ ಬೇಸಿಗೆಯ ಹಾಗೆ ಗುಂಯ್‌ಗುಟ್ಟಿತು.

ಎಂಟನೆಯ ರಾತ್ರಿ ಪಾಳಿ ಮುಗಿಸಿ ಬಂದು
ಕೋಟೂ ಬಿಚ್ಚದೆ, ಟಾರ್ಚ್ ಹಿಡಿದು,
ಡಬ್ಬಿಗೆ ಮೂಗು ಒತ್ತಿ ಕೂತೆ.
ಗಾಜಿನ ಮೇಲೆ ನನ್ನದೇ ಉಸಿರು. ಒರೆಸಿದೆ.
ಮತ್ತೆ ಉಸಿರು.

ಇವತ್ತು ಝೆನೊನ್‌ನ ಮೇಜಿನ ಮೇಲೆ
ಬೆಂಕಿಪೊಟ್ಟಣ ತೆರೆದಿಟ್ಟೆ:
ಎಂಟು ಟೊಳ್ಳು ಕಾಲು,
ಟೊಪ್ಪಿಯ ಹಾಗೆ ಕಳಚಿಟ್ಟ ಮುಖ,
ಅದರಲ್ಲಿ ಕಣ್ಣಿನ ಗಾಜು, ಎಂಟೂ.
ಅವನು ಕನ್ನಡಕ ಹುಡುಕಿದ. ಬಹಳ ಹೊತ್ತು ಬಾಗಿದ.
"ಇದು ಪರ್ಚ್ ಅಲ್ಲ."
ಅಲ್ಲ, ಅಂದೆ.
ಹಿಡಿ ಹುಳಕ್ಕೆ ಇನ್ನೊಂದು ಹಿಡಿ ಸೇರಿಸಿ
ಕಟ್ಟಿಕೊಟ್ಟ.